ಬೀಜಿ ಕೇಳಿದ ಒಂದೇ ಪ್ರಶ್ನೆ

ದಾದರ್ ಪೂರ್ವದಲ್ಲಿ ನಾನು ಬಾಡಿಗೆಗಿರುವ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಎರಡನೇ ಮಹಡಿಗೆ ಹತ್ತಬೇಕೆಂದರೆ ನೆಲಮಹಡಿಯ ಒಂದು ಮನೆಯ ಬಾಗಿಲನ್ನು ದಾಟಲೇಬೇಕು. ಆ ಬಾಗಿಲು ಬೆಳಗಿನಿಂದ ರಾತ್ರಿಯವರೆಗೆ ತೆರೆದೇ ಇರುತ್ತದೆ. ಒಳಗೆ ಮಂಚದ ಮೇಲೆ ಬೀಜಿ ಕೂತಿರುತ್ತಾರೆ. ಪಂಜಾಬಿ ಮನೆಗಳಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಹಾಗೆ ಕರೆಯುತ್ತಾರೆ. ನಮ್ಮ ಕಟ್ಟಡದಲ್ಲಿ ಮರಾಠಿಯವರು, ಗುಜರಾತಿಯವರು, ಕನ್ನಡದವನಾದ ನಾನು, ಎಲ್ಲರಿಗೂ ಅವರು ಬೀಜಿಯೇ. ನನ್ನನ್ನು ಅವರು ಕರೆಯುವುದು ‘ಪುತ್ತರ್’ ಎಂದು.

ಲಾಕ್‌ಡೌನ್ ದಿನಗಳಲ್ಲಿ ಒಬ್ಬನೇ ಇದ್ದ ನನಗೆ ಎಷ್ಟೋ ರಾತ್ರಿ ರೊಟ್ಟಿ, ರಾಜ್ಮಾ ಬಂದದ್ದು ಆ ಮನೆಯಿಂದ. 2021ರ ಮೇ ತಿಂಗಳಲ್ಲಿ ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಅಣ್ಣ ಕೊರೊನಾದಿಂದ ತೀರಿಕೊಂಡಾಗ ನಾನು ಮೊದಲು ಅತ್ತದ್ದು ಸಹ ಆ ಮಂಚದ ಪಕ್ಕದಲ್ಲೇ. ಅಣ್ಣನಿಗೆ ಮೂವತ್ತಾರು ವರ್ಷ. ವೈನಿಗೆ ಇಪ್ಪತ್ತೊಂಬತ್ತು. ಮಗಳಿಗೆ ನಾಲ್ಕು.

ಈ ಲೇಖನ ಅಣ್ಣನ ಸಾವಿನ ಬಗ್ಗೆ ಅಲ್ಲ. ಆರೇಳು ತಿಂಗಳ ನಂತರ ಬಂದ ಒಂದು ಫೋನಿನ ಬಗ್ಗೆ, ಮತ್ತು ಆ ಫೋನಿನಿಂದಾಗಿ ಪಂಜಾಬಿನ ಒಂದು ಹಳೆಯ ಮದುವೆ ಪದ್ಧತಿಯನ್ನು ನಾನು ತಿಳಿದುಕೊಳ್ಳಬೇಕಾಗಿ ಬಂದದ್ದರ ಬಗ್ಗೆ.

ಅವ್ವನ ಫೋನು

ಡಿಸೆಂಬರ್‌ನ ಒಂದು ಭಾನುವಾರ. ಅವ್ವ ಊಟ ಆಯಿತಾ, ನಿದ್ದೆ ಆಯಿತಾ ಎಂದೆಲ್ಲ ಕೇಳಿದ ಮೇಲೆ ದನಿ ತಗ್ಗಿಸಿದಳು.

“ತಮ್ಮಾ, ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ. ನೀನ ಆಕಿನ್ನ ಮಾಡ್ಕೊಂಡ್ರ ಹೆಂಗ? ಕೂಸು ಮನ್ಯಾಗ ಉಳೀತೈತಿ. ಹೊಲಾನೂ ಮನ್ಯಾಗ ಉಳೀತೈತಿ.”

ನನಗೆ ಆಗ ಮೂವತ್ತೊಂದು, ಮದುವೆಯಾಗಿರಲಿಲ್ಲ. ಎಂ.ಟೆಕ್. ಮಾಡಿದವನು, ಮುಂಬಯಿಯಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳ ಸಂಬಳ. ವೈನಿಯನ್ನು ನಾನು ಕಂಡದ್ದು ಅಕ್ಕನ ಹಾಗೆ. ಹೌದು ಅನ್ನಲಾಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ‘ನೆಟ್‌ವರ್ಕ್ ಸರಿ ಇಲ್ಲ’ ಎಂದು ಫೋನ್ ಇಟ್ಟೆ. ಮುಂದಿನ ಎರಡು ವಾರ ಮನೆಯ ಫೋನ್ ಎತ್ತಲಿಲ್ಲ. ಕಾಕಾನ ವಾಟ್ಸ್‌ಆ್ಯಪ್ ಸಂದೇಶ ಮಾತ್ರ ಬಂತು: ‘ಮನಿ ಹೆಣಮಗಳು ನಾಳೆ ಮತ್ತೊಂದ ಲಗ್ನ ಮಾಡ್ಕೊಂಡ್ರ ಹೊಲ ಯಾರ ಪಾಲಾತು? ವಿಚಾರ ಮಾಡು.’

ನನ್ನ ಮುಖ ನೋಡಿ ಬೀಜಿ ಒಂದು ಸಂಜೆ ಒಳಗೆ ಕರೆದು ಕೂರಿಸಿಕೊಂಡರು. ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. “ಅಂದರೆ ಚಾದರ ಹಾಕಿ ಅನ್ನುತ್ತಿದ್ದಾರೆ” ಎಂದರು, ದಿನಸಿ ಅಂಗಡಿಯ ಲೆಕ್ಕ ಹೇಳುವಷ್ಟು ಸಹಜವಾಗಿ.

ಚಾದರದ ಕೆಳಗೆ

ಪಂಜಾಬಿನ ಜಾಟರಲ್ಲಿ, ಭೂಮಿ ಉಳುವ ಇನ್ನೂ ಕೆಲವು ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣನ್ನು ಅವನ ತಮ್ಮನಿಗೋ, ತಮ್ಮನಿಲ್ಲದಿದ್ದರೆ ಅಣ್ಣನಿಗೋ, ಅವನೂ ಇಲ್ಲದಿದ್ದರೆ ದಾಯಾದಿಗೋ ಕೊಡುವ ಪದ್ಧತಿಯಿತ್ತು. ಅದರ ಹೆಸರು ಕರೇವಾ. ಇಬ್ಬರನ್ನೂ ಕೂರಿಸಿ ತಲೆಯ ಮೇಲೆ ಒಂದು ಚಾದರ ಹೊದಿಸುತ್ತಾರೆ, ಕೈಗೆ ಗಾಜಿನ ಬಳೆ ತೊಡಿಸುತ್ತಾರೆ, ನೆರೆದವರಿಗೆ ಬೆಲ್ಲ ಹಂಚುತ್ತಾರೆ. ಅಷ್ಟೇ. ಹಾಗಾಗಿ ಅದಕ್ಕೆ ‘ಚಾದರ ಅಂದಾಜಿ’ ಎಂದೂ ಹೆಸರು. ಆ ಗಂಡಸಿಗೆ ಆಗಲೇ ಹೆಂಡತಿಯಿದ್ದರೂ ಅಡ್ಡಿಯಿರಲಿಲ್ಲ. ಈಕೆ ಎರಡನೆಯವಳಾಗುತ್ತಿದ್ದಳು.

ರಾಜರೂ ಇದನ್ನು ಮಾಡಿದ್ದಾರೆ. ಮಹಾರಾಜ ರಣಜಿತ್ ಸಿಂಗ್ 1811ರಲ್ಲಿ, ಗುಜರಾತ್ ಪಟ್ಟಣದ (ನಮ್ಮ ಗುಜರಾತ್ ರಾಜ್ಯವಲ್ಲ, ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಊರು) ಸರದಾರ ಸಾಹಿಬ್ ಸಿಂಗ್ ಭಂಗಿ ಸತ್ತ ಮೇಲೆ ಅವನ ಇಬ್ಬರು ವಿಧವೆಯರಾದ ರತನ್ ಕೌರ್ ಮತ್ತು ದಯಾ ಕೌರ್ ಅವರನ್ನು ಚಾದರ ಹೊದಿಸಿಯೇ ಮದುವೆಯಾದ. ಅವನಿಗೆ ಆಗಲೇ ಬೇರೆ ರಾಣಿಯರಿದ್ದರು.

ಬೀಜಿ ಹುಟ್ಟಿದ್ದು 1944ರಲ್ಲಿ, ಲಯಾಲ್‌ಪುರದ ಹತ್ತಿರದ ಹಳ್ಳಿಯಲ್ಲಿ. ಆ ಊರಿಗೆ ಈಗ ಫೈಸಲಾಬಾದ್ ಎಂಬ ಹೆಸರು. ದೇಶ ಒಡೆದಾಗ ಅವರಿಗೆ ಮೂರು ವರ್ಷ. ಈಚೆಗೆ ಬರುವ ದಾರಿಯಲ್ಲಿ ಅಪ್ಪನನ್ನು ಕೊಂದರು. ಉಳಿದವರು ಕುರುಕ್ಷೇತ್ರದ ನಿರಾಶ್ರಿತರ ಶಿಬಿರ ಸೇರಿದರು. ಆ ಚಳಿಗಾಲದಲ್ಲೇ, ಡೇರೆಯೊಳಗೆ, ಇಪ್ಪತ್ತೆರಡರ ಅಮ್ಮನ ತಲೆಯ ಮೇಲೆ ಚಾದರ ಬಿತ್ತು. ಪಕ್ಕದಲ್ಲಿ ಕೂತವನು ಅಪ್ಪನ ಅಣ್ಣ. ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು ಅದೇ ಡೇರೆಯಲ್ಲಿದ್ದರು.

“ತಾಯಿ ಒಂದು ಮೂಲೆಯಲ್ಲಿ ಕೂತು ಗೋಧಿ ಆರಿಸುತ್ತಿದ್ದಳಂತೆ” ಎಂದರು ಬೀಜಿ. ನನಗೆ ಗೊಂದಲ. ತಾಯಿಯ ತಲೆಯ ಮೇಲೆ ಚಾದರ ಬಿತ್ತು ಎಂದು ಈಗಷ್ಟೇ ಹೇಳಿದರಲ್ಲ? ಆಮೇಲೆ ಗೊತ್ತಾಯಿತು, ಪಂಜಾಬಿಯಲ್ಲಿ ತಾಯಿ ಎಂದರೆ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ. ಇದನ್ನು ಹೇಳಿದಾಗ ಬೀಜಿ ನಕ್ಕರು. “ನಿಮ್ಮ ಭಾಷೆಯೇ ಸರಿ. ಕೊನೆಗೆ ಅವಳೇ ನನಗೆ ತಾಯಿಯಾದಳು.”

ಒಂದು ಕೋಣೆ, ಇಬ್ಬರು ಹೆಂಡಿರು

1950ರಲ್ಲಿ ಆ ಕುಟುಂಬ ಮುಂಬಯಿಗೆ ಬಂತು. ದಾದರಿನಿಂದ ಈಶಾನ್ಯಕ್ಕೆ ಸ್ವಲ್ಪ ದೂರದಲ್ಲಿ, ಸಾಯನ್ ಕೋಳಿವಾಡಾದಲ್ಲಿ ಪಂಜಾಬಿನ ನಿರಾಶ್ರಿತರಿಗೆ ಜಾಗ ಕೊಟ್ಟಿದ್ದರು. ಹಾರ್ಬರ್ ಲೈನಿನಲ್ಲಿ ಹೋಗುವವರಿಗೆ ಗುರು ತೇಗ್ ಬಹಾದೂರ್ ನಗರ ಸ್ಟೇಷನ್ ಗೊತ್ತಿರುತ್ತದೆ. ಅದರ ಹಿಂದಿನ ಹೆಸರು ಕೋಳಿವಾಡಾ. ಅಲ್ಲಿ ಸಿಕ್ಕ ಒಂದು ಕೋಣೆಯಲ್ಲಿ ದೊಡ್ಡಪ್ಪ, ಇಬ್ಬರು ಹೆಂಗಸರು, ಮೂರು ಮಕ್ಕಳು. ದೊಡ್ಡಪ್ಪ ಲಾರಿ ಓಡಿಸುತ್ತಿದ್ದ.

ಮುಂಬಯಿಯಲ್ಲಿ ಒಂದು ತೊಡಕಿತ್ತು. ಇಲ್ಲಿ 1946ರಲ್ಲೇ, ಅಂದರೆ ಇಡೀ ದೇಶಕ್ಕೆ ಕಾಯ್ದೆ ಬರುವ ಒಂಬತ್ತು ವರ್ಷ ಮೊದಲೇ, ಹಿಂದೂಗಳಲ್ಲಿ ಒಬ್ಬ ಹೆಂಡತಿಯಿರುವಾಗ ಇನ್ನೊಬ್ಬಳನ್ನು ಮದುವೆಯಾಗುವುದನ್ನು ತಡೆಯುವ ಕಾಯ್ದೆ ಬಂದಿತ್ತು. ಮುಸ್ಲಿಮರಿಗೆ ಇಲ್ಲದ ನಿರ್ಬಂಧ ನಮಗೇಕೆ ಎಂದು ಕೆಲವರು ಕೋರ್ಟಿಗೆ ಹೋದರು. 1951ರಲ್ಲಿ ಮುಂಬಯಿ ಹೈಕೋರ್ಟಿನ ಛಾಗ್ಲಾ ಮತ್ತು ಗಜೇಂದ್ರಗಡಕರ್ ಅವರ ಪೀಠ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ಚಾದರ ಬಿದ್ದದ್ದು ಕುರುಕ್ಷೇತ್ರದಲ್ಲಿ, ಅವರು ಮುಂಬಯಿಗೆ ಬರುವ ಮೊದಲು. ಆದರೂ ದೊಡ್ಡಪ್ಪ ಹೆದರಿದ. ರೇಷನ್ ಕಾರ್ಡಿನಲ್ಲಿ ಬೀಜಿಯ ಅಮ್ಮನನ್ನು ‘ತಮ್ಮನ ವಿಧವೆ’ ಎಂದು ಬರೆಸಿದ. ಮನೆಯ ಗಂಡುಮಕ್ಕಳು ಆಕೆಯನ್ನು ಚಾಚಿ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದರು. ಯಾರಾದರೂ ಕೇಳಿಸಿಕೊಂಡಾರು ಎಂದು ಬೀಜಿಗೂ ಹಾಗೆಯೇ ಕಲಿಸಿದರು. ಹೆತ್ತ ಅಮ್ಮನನ್ನು ಆಕೆ ಜೀವಮಾನವಿಡೀ ಕರೆದದ್ದು ‘ಚಾಚಿ’ ಎಂದು.

ಪಂಜಾಬಿಗಳೆಂದರೆ ನಮಗೆಲ್ಲ ಒಂದೇ, ಪಗಡಿ ಮತ್ತು ಪರೋಟ. ಆದರೆ ಆ ಸಾಲಿನ ಕೋಣೆಗಳಲ್ಲೇ ಜಾಟರು ಬೇರೆ, ಖತ್ರಿಗಳು ಬೇರೆ, ಅರೋರಾಗಳು ಬೇರೆ, ಬಡಗಿ ಕಮ್ಮಾರ ಕೆಲಸದ ರಾಮಗಢಿಯಾಗಳು ಬೇರೆ. ವ್ಯಾಪಾರ, ನೌಕರಿಯಲ್ಲಿದ್ದ ಮೇಲುವರ್ಗದ ಖತ್ರಿ ಮನೆಗಳಲ್ಲಿ ವಿಧವೆಗೆ ಮರುಮದುವೆಯ ರೂಢಿಯಿರಲಿಲ್ಲ. ಅದನ್ನೇ ಮರ್ಯಾದೆ ಎಂದುಕೊಂಡಿದ್ದರು. ಅಂಥ ಒಂದು ಮನೆಯವರು ನಲ್ಲಿಯ ಹತ್ತಿರ ಬೀಜಿಯ ಅಮ್ಮನನ್ನು ‘ಚಾದರದವಳು’ ಎನ್ನುತ್ತಿದ್ದರಂತೆ. ಬೀಜಿಯ ಮನೆಯವರು ತಿರುಗಿ ಹೇಳುತ್ತಿದ್ದರಂತೆ: ನಾವು ನಮ್ಮ ಹೆಣ್ಣುಮಕ್ಕಳನ್ನು ಹಸಿವಿಗೆ ಬಿಡುವುದಿಲ್ಲ.

ಎರಡರಲ್ಲೂ ಸತ್ಯವಿತ್ತು. ಕರೇವಾ ಇಲ್ಲದ ಕಡೆ ವಿಧವೆ ಜೀವನಪೂರ್ತಿ ಒಂಟಿ. ಕರೇವಾ ಇದ್ದ ಕಡೆ ಅವಳಿಗೊಂದು ಸೂರು, ಮಕ್ಕಳಿಗೊಂದು ಊಟ. ಆದರೆ ಅದು ಯಾರೊಂದಿಗೆ ಎಂಬುದನ್ನು ತೀರ್ಮಾನಿಸುತ್ತಿದ್ದವಳು ಅವಳಲ್ಲ.

ನಮ್ಮೂರಿನ ಸೀರೆ

ಬೀಜಿಯ ಮಾತು ಕೇಳುತ್ತಾ ನನಗೆ ನಮ್ಮೂರಿನ ಒಬ್ಬ ಮುದುಕಿ ನೆನಪಾದಳು. ನಮ್ಮ ಓಣಿಯ ಕೊನೆಯಲ್ಲಿ, ದನದ ಕೊಟ್ಟಿಗೆಯ ಮಗ್ಗುಲ ಖೋಲಿಯಲ್ಲಿ ಇರುತ್ತಿದ್ದಳು. ಅವಳಿಗೆ ಹೆಸರಿತ್ತೋ ಇಲ್ಲವೋ, ನಾವು ಹುಡುಗರು ಕೇಳಿದ್ದು ‘ಉಡಿಕಿ ಮುದುಕಿ’ ಎಂದಷ್ಟೇ. ಮದುವೆ ಮನೆಗೆ ಬಂದರೂ ಅರಿಶಿನ ಹಚ್ಚುವಾಗ ಮುಂದೆ ಬರುತ್ತಿರಲಿಲ್ಲ, ಹಿಂದೆ ಗೋಡೆಗೆ ಆತು ನಿಲ್ಲುತ್ತಿದ್ದಳು.

ಉಡಿಕಿ, ಸೀರುಡಿಕೆ, ಕೂಡಿಕೆ, ಕೂಡಾವಳಿ. ಊರು, ಜಾತಿಗೆ ತಕ್ಕ ಹಾಗೆ ಹೆಸರು ಬೇರೆ, ಕೆಲಸ ಒಂದೇ. ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಣ್ಣಿಗೆ ಒಂದು ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವುದು. ಮುಂಬಯಿ ಪ್ರಾಂತದ ಜಾತಿಗಳ ಬಗ್ಗೆ ಎಂಥೋವನ್ 1920ರ ಸುಮಾರಿಗೆ ತಂದ ಸಂಪುಟಗಳಲ್ಲಿ, ಮೈಸೂರು ಸೀಮೆಯ ಬಗ್ಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳಲ್ಲಿ ಇಂಥ ಮದುವೆಗಳ ವಿವರ ಜಾತಿ ಜಾತಿಗೆ ಸಿಗುತ್ತದೆ. ಹಲವು ಕಡೆ ಅದು ನಡೆಯುತ್ತಿದ್ದುದು ರಾತ್ರಿ ಹೊತ್ತು, ಮುತ್ತೈದೆಯರು ದೂರ ಉಳಿಯುತ್ತಿದ್ದರು. ಮರಾಠಿಯವರಲ್ಲಿ ಇದಕ್ಕೇ ‘ಪಾಟ್’ ಎನ್ನುತ್ತಾರೆ. ಅಲ್ಲಿ ಚಾದರ, ನಮ್ಮಲ್ಲಿ ಸೀರೆ.

ಒಂದು ವ್ಯತ್ಯಾಸವಿದೆ. ನಮ್ಮ ಮನೆಯಂಥ ಅನೇಕ ಮನೆಗಳಲ್ಲಿ ಅಣ್ಣನ ಹೆಂಡತಿ ತಾಯಿಗೆ ಸಮಾನ, ಮೈದುನನೊಂದಿಗೆ ಉಡಿಕಿ ಎಂದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಅವ್ವ ಆ ಮಾತು ಆಡಿದಳೆಂದರೆ ಅವಳನ್ನು ಯಾವ ಹೆದರಿಕೆ ಆಡಿಸಿರಬೇಕು?

ಉಡಿಕಿ ಮುದುಕಿಯ ಕಥೆಯನ್ನು ಆಮೇಲೆ ಅಪ್ಪನಿಂದ ಕೇಳಿದೆ. ಆಕೆಯನ್ನು ಕರೆತಂದವನಿಗೆ ಆಗಲೇ ಹೆಂಡತಿಯಿದ್ದಳು. ಅದು 1946ರ ಕಾಯ್ದೆ ಬಂದ ನಂತರದ ಮಾತು. ಆಗ ನಮ್ಮೂರು ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿ. ಅಂದರೆ ಕೋಳಿವಾಡಾದ ಆ ಕೋಣೆಗೂ ನಮ್ಮೂರಿನ ಆ ಕೊಟ್ಟಿಗೆಗೂ ಅನ್ವಯಿಸುತ್ತಿದ್ದುದು ಒಂದೇ ಕಾಯ್ದೆ. ಗಂಡ ಸತ್ತ ಮೇಲೆ ಮೊದಲ ಹೆಂಡತಿಯ ಮಕ್ಕಳು ‘ಇವಳು ನಮ್ಮಪ್ಪನ ಹೆಂಡತಿಯೇ ಅಲ್ಲ’ ಎಂದರು. ಕಾಯ್ದೆ ಅವರ ಪರವಾಗಿತ್ತು. ಒಳ್ಳೆಯ ಉದ್ದೇಶದಿಂದ ತಂದ ಕಾಯ್ದೆ ಆ ಮುದುಕಿಯ ಪಾಲಿಗೆ ಬರೀ ಒಂದು ಖೋಲಿ ಉಳಿಸಿತು.

ಎಲ್ಲದರ ಅಡಿಯಲ್ಲಿ ಹೊಲ

ಇಂಥ ಪದ್ಧತಿಗಳ ಬಗ್ಗೆ ಕೇಳಿದಾಗ ನಮ್ಮ ಮನಸ್ಸು ಮೊದಲು ಓಡುವುದು ಗಂಡು ಹೆಣ್ಣಿನ ಕಡೆಗೆ. ಒಬ್ಬನಿಗೆ ಇಬ್ಬರೇ, ಮೈದುನನೊಂದಿಗೇ ಎಂದು. ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆ. ಅದರ ಅಡಿಯಲ್ಲಿರುವುದು ಹೊಲ.

1856ರ ವಿಧವಾ ವಿವಾಹ ಕಾಯ್ದೆಯನ್ನು ನಾವು ಶಾಲೆಯಲ್ಲಿ ಸುಧಾರಣೆ ಎಂದು ಓದಿದ್ದೇವೆ. ಅದರ ಎರಡನೇ ಕಲಮು ಶಾಲೆಯ ಪುಸ್ತಕದಲ್ಲಿ ಇರಲಿಲ್ಲ: ಮರುಮದುವೆಯಾದ ವಿಧವೆ ಸತ್ತ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾಳೆ. ಮೊದಲಿನಿಂದಲೂ ಮರುಮದುವೆಯ ರೂಢಿಯಿದ್ದ ಜಾತಿಗಳ ಹೆಂಗಸರಿಗೂ ಇದು ಅನ್ವಯಿಸುತ್ತದೆ ಎಂದು ಮುಂಬಯಿ ಹೈಕೋರ್ಟ್ ಹೇಳಿತು. ಅಲಹಾಬಾದ್ ಹೈಕೋರ್ಟ್ ಒಪ್ಪಲಿಲ್ಲ.

ಪಂಜಾಬಿನಲ್ಲಿ ಬ್ರಿಟಿಷರು 1872ರ ಕಾಯ್ದೆಯಿಂದ ರೂಢಿಗೇ ಕಾನೂನಿನ ಬಲ ಕೊಟ್ಟರು. ಅಲ್ಲಿಯೂ ಸಾಮಾನ್ಯ ನಿಯಮ ಅದೇ, ಮರುಮದುವೆಯಾದರೆ ಹೊಲ ಹೋಯಿತು. ಆದರೆ ಕೆಲವು ಜಿಲ್ಲೆಗಳ ಸಿಖ್ ಜಾಟರಲ್ಲಿ ಸತ್ತವನ ಸೋದರನನ್ನೇ ಮದುವೆಯಾದರೆ ಹೊಲ ಹೋಗುತ್ತಿರಲಿಲ್ಲ. ವಿಧವೆ ಒಂಟಿಯಾಗಿ ಉಳಿದರೆ ಅವಳು ಬದುಕಿರುವವರೆಗೆ ಗಂಡನ ಹೊಲ ಅವಳ ಕೈಯಲ್ಲಿ. ಹೊರಗೆ ಮದುವೆಯಾದರೆ ಸಂಬಂಧವೇ ತಪ್ಪುತ್ತದೆ. ಮೈದುನನ ಚಾದರದ ಕೆಳಗೆ ಬಂದರೆ ಅವಳೂ, ಹೊಲವೂ, ದುಡಿಯುವ ಎರಡು ಕೈಗಳೂ ಮನೆಯಲ್ಲೇ. ಹರಿಯಾಣದ ಹಳ್ಳಿಗಳನ್ನು ಅಧ್ಯಯನ ಮಾಡಿದ ಇತಿಹಾಸಕಾರ್ತಿ ಪ್ರೇಮ್ ಚೌಧರಿ ಇದನ್ನು ವಿವರವಾಗಿ ತೋರಿಸಿದ್ದಾರೆ.

ಪಕ್ಕದ ಹಿಮಾಚಲದ ಗುಡ್ಡಗಳಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿದೆ. ಸಿರಮೌರ್ ಜಿಲ್ಲೆಯ ಹಾಟಿ ಸಮುದಾಯದಲ್ಲಿ ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿ ಎಂಬ ‘ಜೋಡಿದಾರ’ ಪದ್ಧತಿಯಿದೆ. ಅಲ್ಲಿಯೂ ಕಾರಣ ಕೇಳಿದರೆ ಜನ ಹೇಳುವುದು ಗುಡ್ಡದ ಪುಟ್ಟ ಹೊಲ ತುಂಡಾಗಬಾರದು ಎಂದು. 2025ರ ಜುಲೈನಲ್ಲಿ ಶಿಲಾಯಿ ಕಡೆಯ ಇಬ್ಬರು ಸೋದರರು ಬಹಿರಂಗವಾಗಿ ಹೀಗೆ ಮದುವೆಯಾದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಆ ಸುದ್ದಿಯಲ್ಲಿ ನನಗೆ ಉಳಿದದ್ದು ಮದುವಣಗಿತ್ತಿಯ ಮಾತು. ಪದ್ಧತಿ ನನಗೆ ಗೊತ್ತಿತ್ತು, ಯಾರ ಒತ್ತಾಯವೂ ಇಲ್ಲ, ತೀರ್ಮಾನ ನನ್ನದು ಎಂಬ ಅರ್ಥದಲ್ಲಿ ಆಕೆ ಹೇಳಿದ್ದಳು. ಅದು ಪೂರ್ಣ ನಿಜವೋ ಅಲ್ಲವೋ ಆಕೆಗೇ ಗೊತ್ತು. ಕಾಯ್ದೆಯಂತೂ ಅಂಥ ಮದುವೆಯನ್ನು ಒಪ್ಪುವುದಿಲ್ಲ. ಆದರೆ ಪತ್ರಿಕೆಯವರು ಆಕೆಯನ್ನು ಕೇಳಿದ್ದರು ಎಂಬುದಷ್ಟೇ ನನಗೆ ಹೊಸದಾಗಿ ಕಂಡಿತು.

ಬೀಜಿಯ ಪ್ರಶ್ನೆ

ಬೀಜಿಯ ಮನೆಯಿಂದ ಐದು ನಿಮಿಷ ನಡೆದರೆ ಹಿಂದೂ ಕಾಲೋನಿ. ಅಲ್ಲಿ ಅಂಬೇಡ್ಕರರು ಕಟ್ಟಿಸಿದ ರಾಜಗೃಹವಿದೆ. ಕಾನೂನು ಮಂತ್ರಿಯಾಗಿದ್ದ ಅವರು ಹಿಂದೂ ಸಂಹಿತೆ ಮಸೂದೆಯನ್ನು ಸರ್ಕಾರ ಕೈಬಿಟ್ಟ ಕಾರಣಕ್ಕೇ ಮುಖ್ಯವಾಗಿ 1951ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ಮಸೂದೆಯ ತುಂಡುಗಳು ಮುಂದೆ 1955ರ ಹಿಂದೂ ವಿವಾಹ ಕಾಯ್ದೆಯಾಗಿ, 1956ರ ಉತ್ತರಾಧಿಕಾರ ಕಾಯ್ದೆಯಾಗಿ ಬಂದವು. ಸಿಖ್ಖರಿಗೂ ಅವು ಅನ್ವಯಿಸುತ್ತವೆ. ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳು ಕೂಡದು ಎಂಬುದು ಆಗ ಇಡೀ ದೇಶದ ಹಿಂದೂಗಳಿಗೆ ನಿಯಮವಾಯಿತು. ವಿಧವೆಗೆ ಸಿಕ್ಕ ಪಾಲು ಅವಳ ಸ್ವಂತದ್ದು, ಮುಂದೆ ಮದುವೆಯಾದರೂ ಕಿತ್ತುಕೊಳ್ಳುವಂತಿಲ್ಲ ಎಂದೂ ಆಯಿತು.

ಆ 1956ರ ಕಾಯ್ದೆಯಲ್ಲಿ ಒಂದು ಸಾಲಿದೆ. ಗಂಡಸು ಉಯಿಲು ಬರೆಯದೆ ಸತ್ತರೆ ವಿಧವೆಗೆ ಒಂದು ಪಾಲು, ವಿಧವೆಯರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರಿಗೂ ಸೇರಿ ಒಂದು ಪಾಲು. 1955ಕ್ಕಿಂತ ಮೊದಲು ನಡೆದ ಎರಡನೇ ಮದುವೆಗಳ ನೆರಳು ಈ ಸಾಲಿನಲ್ಲಿ ಇನ್ನೂ ಕೂತಿದೆ. ಬೀಜಿಯ ಅಮ್ಮನನ್ನು ಕಾಪಾಡಬಹುದಾಗಿದ್ದದ್ದು ಇದೇ ಸಾಲು. ಆದರೆ ಚಾದರಕ್ಕೆ ಕಾಗದವಿರಲಿಲ್ಲ. ರೂಢಿಯ ಮದುವೆಯನ್ನು ಕೋರ್ಟಿನಲ್ಲಿ ರುಜುವಾತು ಮಾಡುವುದು ಸುಲಭವಲ್ಲ. 1990ರ ದಶಕದಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಇಂಥದೇ ಒಂದು ಪ್ರಕರಣದಲ್ಲಿ ಬೆಲ್ಲ ಹಂಚಿದ್ದಷ್ಟನ್ನೇ ತೋರಿಸಿದರೆ ಮದುವೆಯಾಗುವುದಿಲ್ಲ ಎಂದಿತು.

1971ರಲ್ಲಿ ದೊಡ್ಡಪ್ಪ ತೀರಿಕೊಂಡ. ಕೋಣೆಯನ್ನು ಯಾರ ಹೆಸರಿಗೆ ಮಾಡಬೇಕೆಂದು ಕಚೇರಿಯವರು ಕೇಳಿದಾಗ ಗಂಡುಮಕ್ಕಳು ತಮ್ಮ ತಾಯಿಯ ಹೆಸರು ಹೇಳಿದರು. ರೇಷನ್ ಕಾರ್ಡ್ ಅವರ ಪರವಾಗಿತ್ತು. ಆಗ ದೊಡ್ಡವ್ವ ಎದ್ದು, ಇಪ್ಪತ್ತನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತ ಸವತಿಯ ಕೈ ಹಿಡಿದು ಕಚೇರಿಗೆ ಹೋದಳು. “ಇವಳೂ ಅವನ ಹೆಂಡತಿ. ನಾನು ಸಾಕ್ಷಿ. ಚಾದರ ಹಾಕುವಾಗ ನಾನು ಅಲ್ಲೇ ಇದ್ದೆ” ಎಂದಳು. ಎರಡು ಹೆಬ್ಬೆಟ್ಟು ಬಿದ್ದವು.

“ಆ ರಾತ್ರಿ ಅವಳು ನನ್ನ ಅಮ್ಮನಿಗೆ ಒಂದು ಮಾತು ಹೇಳಿದಳು” ಎಂದರು ಬೀಜಿ. “ಅಂದು ಡೇರೆಯಲ್ಲಿ ನಿನ್ನನ್ನು ಯಾರೂ ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. ಇಷ್ಟು ವರ್ಷ ನಾವಿಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟು ಮಾಡಿಕೊಂಡೆವು ಅಂತ.”

ದಾದರಿನ ಪಕ್ಕದ ಮಾಟುಂಗಾದಲ್ಲಿ ಒಂದು ಕಾಲಕ್ಕೆ ಪೃಥ್ವಿರಾಜ್ ಕಪೂರ್ ಮೊದಲಾದ ಪಂಜಾಬಿ ಕಲಾವಿದರು ಇದ್ದರು. ಪಂಜಾಬಿನಿಂದ ಮುಂಬಯಿಗೆ ಬಂದು ನೆಲೆಸಿದ ಲೇಖಕ ರಾಜಿಂದರ್ ಸಿಂಗ್ ಬೇಡಿ 1962ರಲ್ಲಿ ಉರ್ದುವಿನಲ್ಲಿ ‘ಏಕ್ ಚಾದರ್ ಮೈಲಿ ಸಿ’ ಕಾದಂಬರಿ ಬರೆದರು. ತಾನೇ ಮಗನಂತೆ ಸಾಕಿದ ಮೈದುನನೊಂದಿಗೆ ಚಾದರ ಹೊದೆಯಬೇಕಾದ ರಾನೋ ಎಂಬವಳ ಕಥೆ. 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. 1986ರಲ್ಲಿ ಹೇಮಮಾಲಿನಿ, ರಿಷಿ ಕಪೂರ್ ಇದ್ದ ಸಿನಿಮಾ ಆಯಿತು. ಬೀಜಿ ಆ ಸಿನಿಮಾ ನೋಡಿದ್ದರು. ಹೇಗಿತ್ತು ಎಂದು ಕೇಳಿದೆ. “ಚೆನ್ನಾಗಿತ್ತು. ಅಳು ಬಂತು. ಆದರೆ ನಿನ್ನ ಭಾಭಿ ಏನು ಹೇಳಿದಳು?” ಎಂದರು.

ಅರ್ಥವಾಗಲಿಲ್ಲ.

“ನಿನ್ನ ಅಮ್ಮ ಹೇಳಿದ್ದು ಹೇಳಿದೆ. ಕಾಕಾ ಹೇಳಿದ್ದು ಹೇಳಿದೆ. ನಿನಗೆ ಹೇಗಾಯಿತು ಅಂತ ಗಂಟೆಗಟ್ಟಲೆ ಹೇಳಿದೆ. ಅವಳನ್ನು ಯಾರಾದರೂ ಕೇಳಿದಿರಾ?”

ನನ್ನ ಬಳಿ ಉತ್ತರವಿರಲಿಲ್ಲ. ಎರಡು ವಾರ ನಾನು ಯೋಚಿಸಿದ್ದು ನನ್ನ ಬಗ್ಗೆ ಮಾತ್ರ. ನನ್ನ ಮದುವೆ, ನನ್ನ ಬದುಕು, ಆಫೀಸಿನಲ್ಲಿ ಜನ ಏನೆನ್ನುತ್ತಾರೆ. ಅವ್ವ, ಕಾಕಾ ಹಳೆಯ ಕಾಲದವರು, ನಾನು ಓದಿದವನು ಎಂದುಕೊಂಡಿದ್ದೆ. ವೈನಿಯನ್ನು ಕೇಳದೆ ಇದ್ದುದರಲ್ಲಿ ನಾವೆಲ್ಲ ಒಂದೇ ಆಗಿದ್ದೆವು.

ಉತಾರದಲ್ಲಿ ಹೆಸರು

ಅಂದು ರಾತ್ರಿಯೇ ವೈನಿಗೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಮನೆಯಲ್ಲಿ ನಡೆದ ಮಾತುಗಳನ್ನೆಲ್ಲ ನೇರ ಹೇಳಿಬಿಟ್ಟೆ. ನಿಮಗೆ ಏನು ಬೇಕು ಎಂದು ಕೇಳಿದೆ. ಆಕಡೆ ಬಹಳ ಹೊತ್ತು ಮಾತಿಲ್ಲ.

“ಇಷ್ಟ ತಿಂಗಳಾತು, ಎಲ್ಲಾರೂ ನನ್ನ ಬಗ್ಗೆ ಮಾತಾಡಾಕತ್ತಾರ. ನನ್ನ ಕೂಡ ಯಾರೂ ಮಾತಾಡಿದ್ದಿಲ್ಲ” ಎಂದಳು. ಆಮೇಲೆ ಒಂದೊಂದಾಗಿ ಹೇಳಿದಳು, ಎಷ್ಟೋ ದಿನದಿಂದ ತಯಾರಾಗಿ ಕೂತವಳಂತೆ. “ನೀವು ನನಗ ತಮ್ಮ ಇದ್ದಂಗ, ಆ ಮಾತ ಬ್ಯಾಡ. ನನಗ ಬಿ.ಇಡಿ ಮಾಡಬೇಕು. ನಿಮ್ಮಣ್ಣನ ಪಾಲಿನ ಹೊಲ ನನ್ನ ಹೆಸರಿಗೆ, ಮಗಳ ಹೆಸರಿಗೆ ಆಗಬೇಕು. ಮುಂದ ಲಗ್ನ ಆಗಬೇಕು ಅನಿಸಿದ್ರ ನಾನ ಹೇಳ್ತೀನಿ. ಅನಿಸದಿದ್ರ ಅದನ್ನೂ ನಾನ ಹೇಳ್ತೀನಿ.”

ಜನವರಿಯಲ್ಲಿ ಊರಿಗೆ ಹೋದೆ. ಜಗುಲಿಯ ಮೇಲೆ ಅಪ್ಪ, ಅವ್ವ, ಕಾಕಾ. ವೈನಿಯನ್ನೂ ಕರೆದು ಕೂರಿಸಿದೆ. ಹಾವೇರಿಯ ಒಬ್ಬ ವಕೀಲರಿಂದ ತಿಳಿದುಕೊಂಡು ಬಂದದ್ದನ್ನು ಹೇಳಿದೆ. ಹೊಲ ಪಿತ್ರಾರ್ಜಿತ. ಅದರಲ್ಲಿ ಅಣ್ಣನ ಪಾಲು ಆತ ತೀರಿಕೊಂಡ ದಿನವೇ ಅವನ ಹೆಂಡತಿ, ಮಗಳು ಮತ್ತು ಅವ್ವನಿಗೆ ಬಂದಾಗಿದೆ. ವೈನಿ ನಾಳೆ ಮದುವೆಯಾದರೂ ಬಂದ ಪಾಲು ಹೋಗುವುದಿಲ್ಲ. 1856ರ ಕಾಯ್ದೆ 1983ರಲ್ಲೇ ರದ್ದಾಗಿದೆ. ತೀರಿಹೋದ ಮಗನ ಹೆಂಡತಿ ಮರುಮದುವೆಯಾದರೆ ಮಾವನ ಆಸ್ತಿಗೆ ಬರುವಂತಿಲ್ಲ ಎಂದಿದ್ದ 24ನೇ ಕಲಮನ್ನು 2005ರಲ್ಲಿ ತೆಗೆದುಹಾಕಿದ್ದಾರೆ. ಅಂದರೆ ಹೊಲ ಉಳಿಸಲಿಕ್ಕೆಂದು ನನ್ನ ಮದುವೆ ಮಾಡಿದರೂ ಅದರಿಂದ ಉಳಿಯುವುದೇನೂ ಇಲ್ಲ. ಅದು ಆಗಲೇ ಅವಳದು.

ಕಾಕಾ ಎದ್ದು ಹೋದ. ಈಗಲೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಅಪ್ಪ ಮೂರು ದಿನ ಊ ಅನ್ನಲಿಲ್ಲ, ಆ ಅನ್ನಲಿಲ್ಲ. ನಾಲ್ಕನೇ ದಿನ ಅವ್ವನೇ ಹೇಳಿದಳು: “ನನ್ನ ಪಾಲೂ ಆಕಿಗೇ ಹಾಕ್ರಿ.” ಅವಳಿಗೆ ಬೇಕಾಗಿದ್ದದ್ದು ಹೊಲವೂ ಅಲ್ಲ, ನನ್ನ ಮದುವೆಯೂ ಅಲ್ಲ. ಮೊಮ್ಮಗಳು ಕಣ್ಣಿಂದ ದೂರಾದಾಳೆಂಬ ಹೆದರಿಕೆ. ಅದನ್ನು ವೈನಿಯ ಮುಂದೆ ಬಾಯಿಬಿಟ್ಟು ಹೇಳಿದ್ದು ಅಂದೇ. ವೈನಿ ಪ್ರತಿ ರಜೆಗೂ ಕರೆತರುತ್ತೇನೆ ಎಂದಳು. ಆರೆಕರೆಯಲ್ಲಿ ಎರಡೆಕರೆಯ ವಾಟ್ನಿಪತ್ರವಾಯಿತು.

ವೈನಿ ಬಿ.ಇಡಿ ಮುಗಿಸಿ ಈಗ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮತ್ತೆ ಮದುವೆಯಾಗುವಳೋ ಇಲ್ಲವೋ ನನಗೆ ಗೊತ್ತಿಲ್ಲ, ಆಕೆ ಹೇಳಿಲ್ಲ. ನನ್ನ ಮದುವೆ 2023ರಲ್ಲಿ ಆಯಿತು. ಅರಿಶಿನ ಹಚ್ಚುವಾಗ ವೈನಿಯನ್ನು ಮುಂದೆ ಕರೆದೆ. ಕೆಲವರು ಮುಖ ತಿರುಗಿಸಿದರು, ಆಕೆ ಬಂದು ಹಚ್ಚಿದಳು. ನನಗೆ ಉಡಿಕಿ ಮುದುಕಿಯ ನೆನಪಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕದಿಂದಲೇ ಹೋಗಿದ್ದ ರೇವಣಸಿದ್ದಪ್ಪ ಪ್ರಕರಣದಲ್ಲಿ, ಕಾನೂನು ಒಪ್ಪದ ಎರಡನೇ ಮದುವೆಯ ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದಿತು. ಮಕ್ಕಳಿಗೆ ಬಂತು. ಆ ಮುದುಕಿಯಂಥ ಹೆಂಗಸಿಗೆ ಈಗಲೂ ಇಲ್ಲ.

ಹೊರನಾಡಿನಲ್ಲಿರುವ ನಮಗೆ ಊರಿನ ಹೊಲಮನೆಯ ವ್ಯವಹಾರವೆಂದರೆ ದೂರದ ತಲೆನೋವು, ದೊಡ್ಡವರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುತ್ತೇವೆ. ಒಮ್ಮೆ ಸರ್ಕಾರದ ಭೂಮಿ ಜಾಲತಾಣದಲ್ಲಿ ನಿಮ್ಮ ಮನೆಯ ಉತಾರ, ನಿಮ್ಮ ಕಡೆ ಪಹಣಿ ಎನ್ನುವುದಾದರೆ ಪಹಣಿ, ತೆಗೆದು ನೋಡಿ. ಕೊರೊನಾದಲ್ಲಿ ಹೋದ ಅಣ್ಣನ, ಮಾವನ, ಗೆಳೆಯನ ಹೆಸರು ಇನ್ನೂ ಹಾಗೆಯೇ ಇದೆಯೇ? ಅವರ ಹೆಂಡತಿಯ ಹೆಸರು ಎಲ್ಲಾದರೂ ಇದೆಯೇ? ಇಲ್ಲದಿದ್ದರೆ ಮೊದಲು ಆಕೆಗೇ ಫೋನ್ ಮಾಡಿ.

ನಮ್ಮ ಹೊಲದ ಹೊಸ ಉತಾರ ಬಂದ ದಿನ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬೀಜಿಯ ಹತ್ತಿರ ಹೋದೆ. ಕನ್ನಡ ಅಕ್ಷರ ಅವರಿಗೆ ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದರಲ್ಲಿ ಅವಳ ಹೆಸರು ಯಾವುದು?”

ತೋರಿಸಿದೆ. ಬೀಜಿ ಆ ಅಕ್ಷರಗಳ ಮೇಲೆ ಬೆರಳಿಟ್ಟರು. ಬೆರಳು ತಾಗಿ ಪರದೆ ದೊಡ್ಡದಾಯಿತು. ವೈನಿಯ ಹೆಸರೊಂದೇ ಮೊಬೈಲಿನ ತುಂಬ ಕಾಣುತ್ತಿತ್ತು.